ಕನ್ನಂಬಾಡಿಯವರ ಮನೆ: ನಮ್ಮ ಹಿರೀಕರ ಜಾಡು ಹಿಡಿದದ್ದು

ಮಂಡ್ಯ ತಾಲ್ಲೂಕಿನ ನಮ್ಮೂರಲ್ಲಿ ನಮ್ಮ ಮನೆಗೆ ಇವತ್ತಿಗೂ ‘ಕನ್ನಂಬಾಡಿಯವರ ಮನೆ’ ಅಂತಲೇ ಹೆಸರು. ಮುತ್ತಾತ ಅಲ್ಲಿಂದ ಬಂದವರು. 1911ರಲ್ಲಿ ಕೃಷ್ಣರಾಜಸಾಗರ ಕಟ್ಟೆಯ ಕೆಲಸ ಶುರುವಾಯಿತು, 1930ರ ದಶಕದ ಮೊದಲಲ್ಲಿ ಮುಗಿಯಿತು. ಹಳೇ ಕನ್ನಂಬಾಡಿ ನೀರಿನಡಿ ಸೇರಿತು. ಊರಿನವರಲ್ಲಿ ಕೆಲವರು ಹೊಸ ಕನ್ನಂಬಾಡಿಯಲ್ಲಿ ಮನೆ ಕಟ್ಟಿಕೊಂಡರು, ಕೆಲವರು ನೆಂಟರಿದ್ದ ಕಡೆ ಹೋದರು. ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಇಷ್ಟೇ. ಮುತ್ತಾತನ ಅಪ್ಪ ಯಾರು? ಅವರ ಹಿಂದಿನವರೂ ಕನ್ನಂಬಾಡಿಯವರೇನಾ? ಅಷ್ಟೊಂದು ಊರು ಬಿಟ್ಟು ನಮ್ಮೂರಿಗೇ ಯಾಕೆ ಬಂದರು? ಯಾರೂ ಹೇಳುವವರಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ವಂಶವೃಕ್ಷ ಮಾಡಿಸಬೇಕಾಯಿತು. ಕಚೇರಿಯವರಿಗೆ ತಾತನವರೆಗೆ ಬರೆದರೆ ಸಾಕಿತ್ತು. ನನಗೆ ಸಾಕಾಗಲಿಲ್ಲ.

ವಲಸೆ ಬಂದ ಮನೆತನದವರು ಯಾರಾದರೂ ಹುಡುಕಲು ಹೊರಟರೆ ನಾನು ಹೇಳುವುದು ಇದನ್ನೇ: ಗಂಡಸರ ಹೆಸರಿನ ಬೆನ್ನು ಹತ್ತುವ ಮೊದಲು ಹೆಣ್ಣು ಕೊಟ್ಟ ಊರು, ಹೆಣ್ಣು ತಂದ ಊರು ಹುಡುಕಿ. ನಮ್ಮ ಸೀಮೆಯಲ್ಲಿ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಒಂದೇ ಊರಲ್ಲಿ ನಾಲ್ಕು ಜನ ನಿಂಗೇಗೌಡರು, ಅವರಲ್ಲಿ ಇಬ್ಬರ ಅಪ್ಪಂದಿರ ಹೆಸರೂ ಒಂದೇ. ಕಾಗದ ನೋಡಿ ಇವರು ನಮ್ಮವರೇ ಅಂತ ಹೇಳುವುದು ಹೇಗೆ? ಅದೂ ಅಲ್ಲದೆ ಊರು ಬಿಟ್ಟ ಗಂಡಸರ ಜೊತೆ ಅವರ ಗುರುತೂ ಹೊರಟುಹೋಗುತ್ತದೆ. ಮನೆ ಹೋಯಿತು, ಹೊಲ ಹೋಯಿತು, ಅಕ್ಕಪಕ್ಕದವರೂ ಚದುರಿದರು. ಆದರೆ ಊರು ಮುಳುಗುವ ಮೊದಲೇ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲಿಗೂ ಹೋಗಲಿಲ್ಲ, ಕೊಟ್ಟ ಊರಲ್ಲೇ ಬಾಳಿದರು. ನೆನಪು ಉಳಿದದ್ದು ಅವರ ಮನೆಗಳಲ್ಲಿ.

ಮುತ್ತಾತನ ತಂಗಿಯನ್ನು ಪಾಂಡವಪುರ ತಾಲ್ಲೂಕಿನ ಚಿನಕುರಳಿ ಕಡೆಗೆ ಕೊಟ್ಟಿತ್ತು ಅಂತ ನನ್ನ ಸೋದರತ್ತೆ ಯಾವಾಗಲೋ ಹೇಳಿದ್ದರು. ಆ ಮನೆಯ ಕೊನೇ ಸೊಸೆ ಇನ್ನೂ ಇದ್ದಾರೆ. ನನಗೆ ವರಸೆಯಲ್ಲಿ ಅಜ್ಜಿ. ಕಣ್ಣು ಮಂಜಾಗಿದೆ, ಮಾತು ಚುರುಕು. ನಾನು ಯಾರ ಮಗ ಅಂತ ಹೇಳಿದ ತಕ್ಷಣ ಕೈ ಹಿಡಿದುಕೊಂಡು ಕೂರಿಸಿಕೊಂಡರು.

‘ನಮ್ಮತ್ತೆಗೆ ತವರೂರೇ ಮುಳುಗೋಯ್ತು ಕಣಪ್ಪ. ಗೌರಿ ಹಬ್ಬ ಬಂದ್ರೆ ಹೋಗಾಕೆ ಊರೇ ಇಲ್ವಲ್ಲ ಅಂತ ಅಳೋರು’ ಅಂದರು.

ಆಮೇಲೆ ಮೊಮ್ಮಗನಿಗೆ ಹೇಳಿ ಅಟ್ಟದಿಂದ ಒಂದು ಹಿತ್ತಾಳೆ ಕೊಳಗ ಇಳಿಸಿದರು. ಅತ್ತೆಯ ಮದುವೆಯಲ್ಲಿ ಮುಯ್ಯಿ ಬಂದದ್ದಂತೆ. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಕಂಠದ ಕೆಳಗೆ ಉಳಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಅಕ್ಷರ ಕಾಣಿಸಿದವು. ಕೊಟ್ಟವರ ಹೆಸರು, ಅದರ ಮುಂದೆ ‘ಬನ್ನೂರು’. ಕೊಟ್ಟವರು ಮದುಮಗಳ ಸೋದರಮಾವ ಅಂತ ಅಜ್ಜಿಗೆ ಗೊತ್ತಿತ್ತು. ಅಂದರೆ ಮುತ್ತಾತನ ತಾಯಿ ಬನ್ನೂರಿನ ಹೆಣ್ಣು. ನಮ್ಮ ಯಾವ ಕಾಗದದಲ್ಲೂ ಆ ತಾಯಿಯ ಸುಳಿವೇ ಇರಲಿಲ್ಲ. ಕೊಳಗದ ಆ ಭಾಗವನ್ನು ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ಫೋಟೊ ತೆಗೆದೆ. ಸವೆದ ಅಕ್ಷರ ಓದಲು ಹಾಗೆ ತೆಗೆಯುವುದೇ ಸರಿ. ನಿಮ್ಮ ಮನೆಯ ಹಳೇ ಪಾತ್ರೆಗಳನ್ನು ತೂಕಕ್ಕೆ ಹಾಕುವ ಮೊದಲು ದಯವಿಟ್ಟು ಒಮ್ಮೆ ತಿರುಗಿಸಿ ನೋಡಿ.

ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳಬಾರದು. ‘ಆಗ ಏನು ನಡೀತಿತ್ತು’ ಅಂತ ಕೇಳಬೇಕು. ನಮ್ಮ ಕಡೆಯವರಿಗೆ ಕಾಲ ಅಂದರೆ ಧಾತು ಈಶ್ವರದ ಬರ, ಪ್ಲೇಗು ಬಂದು ಊರಾಚೆ ಗುಡಿಸಲು ಹಾಕಿಕೊಂಡದ್ದು, ಕಾಳಯುಕ್ತಿ ಜ್ವರ, ರಕ್ತಾಕ್ಷಿಯ ಹೊಳೆ. ಇವೆಲ್ಲಕ್ಕೂ ಇಸವಿ ಹೊಂದುತ್ತದೆ. ಧಾತು ಸಂವತ್ಸರ 1876-77, ಈಶ್ವರ ಅದರ ಮರುವರ್ಷ. ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಕಾಳಯುಕ್ತಿ 1918-19, ಅದು ಇನ್‌ಫ್ಲುಯೆಂಜಾ. ರಕ್ತಾಕ್ಷಿ 1924-25, ಕಾವೇರಿ ಉಕ್ಕಿ ಹರಿದ ವರ್ಷ. ಒಂದೇ ಎಚ್ಚರಿಕೆ: ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಬರೀ ‘ಬಹುಧಾನ್ಯ’ ಅಂದರೆ 1878-79 ಇರಬಹುದು, 1938-39 ಇರಬಹುದು. ಜೊತೆಗೆ ಇನ್ನೊಂದು ಗುರುತು ಬೇಕೇ ಬೇಕು. ಚಿನಕುರಳಿಯ ಅಜ್ಜಿ ‘ನಮ್ಮತ್ತೆ ಮದ್ವೆ ಜ್ವರಕ್ಕೆ ಮುಂಚೆ, ಕಟ್ಟೆ ಕೆಲ್ಸ ಆಗ್ಲೇ ನಡೀತಿತ್ತು’ ಅಂದರು. ಹಾಗಾದರೆ 1911ರಿಂದ 1918ರ ಒಳಗೆ, ಅಲ್ವಾ?

ಇನ್ನು ಕಾಗದ. ಪಹಣಿ, ಮ್ಯುಟೇಶನ್ (ಖಾತೆ ಬದಲಾದ ದಾಖಲೆ) ಇವೆಲ್ಲ ಹತ್ತಿರದ ಕಾಲಕ್ಕೆ ಸರಿ. ಹಿಂದಕ್ಕೆ ಹೋಗಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಹಾಕಿ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರಿನ ಪ್ರಕಾರ ಜಮೀನಿನ ಪಟ್ಟಿ), ರೆಕಾರ್ಡ್ ಆಫ್ ರೈಟ್ಸ್ (ಹಕ್ಕುದಾರರ ದಾಖಲೆ) ಕೇಳಬೇಕು. ಸರ್ವೆ ನಂಬರು ಇಲ್ಲದೆ ಹೋಗಬೇಡಿ, ಸುಮ್ನೆ ಅಲೆಸುತ್ತಾರೆ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಹಿಂದಿನದೆಲ್ಲ ಮೈಸೂರು ಜಿಲ್ಲೆಯ ಹೆಸರಿನಲ್ಲಿರುತ್ತದೆ. ಪಾಂಡವಪುರ ಅಂತ ಹುಡುಕಿದರೆ ಸಿಗದಿದ್ದದ್ದು ಫ್ರೆಂಚ್ ರಾಕ್ಸ್ ಅಥವಾ ಹಿರೋಡೆ ಅಂತ ಹುಡುಕಿದರೆ ಸಿಗಬಹುದು. ಕೆ.ಆರ್. ಪೇಟೆ ಕಡೆಯವರು ಅತ್ತಿಕುಪ್ಪೆ ಅಂತಲೂ ನೋಡಬೇಕು.

ಉಳಿದ ಎಲ್ಲ ಕಾಗದಕ್ಕಿಂತ ಜಾಸ್ತಿ ಹೇಳಿದ್ದು ಒಂದು ಕ್ರಯಪತ್ರ. ಮುತ್ತಾತ ನಮ್ಮೂರಲ್ಲಿ ಮೊದಲು ಕೊಂಡ ಜಮೀನಿನದು. ದೊಡ್ಡಪ್ಪನ ಮನೆಯ ಟ್ರಂಕಿನಲ್ಲಿತ್ತು, ಮಡಿಕೆಯ ಗೆರೆಯಲ್ಲಿ ಹರಿದಿತ್ತು. ಅದರಲ್ಲಿ ಮುತ್ತಾತನನ್ನು ‘ಕನ್ನಂಬಾಡಿ ಗ್ರಾಮದ’ ಇಂಥವರ ಮಗ, ‘ಹಾಲಿ ವಾಸ’ ನಮ್ಮೂರು ಅಂತ ಬರೆದಿದೆ. ಹೀಗೆ ಅವರಪ್ಪನ ಹೆಸರು ಸಿಕ್ಕಿತು. ಅದಕ್ಕಿಂತ ಮುಖ್ಯವಾದದ್ದು ಕೆಳಗಿನ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ಓಣಿ, ದಕ್ಷಿಣಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ಮಾರಿದವರದೇ ಉಳಿದ ಜಮೀನು, ಉತ್ತರಕ್ಕೆ ಇನ್ನೊಬ್ಬರ ಗದ್ದೆ. ಆ ಉತ್ತರದವರ ಮನೆಯವರನ್ನು ವಿಚಾರಿಸಿದೆ. ಅವರು ನಮ್ಮ ಮುತ್ತಜ್ಜಿಯ ಅಣ್ಣ! ಮುತ್ತಾತ ಹೆಂಡತಿಯ ತವರೂರಿಗೆ ಬಂದು, ಭಾವನ ಗದ್ದೆಯ ಪಕ್ಕದಲ್ಲೇ ನೆಲ ಹಿಡಿದಿದ್ದರು. ನಮ್ಮೂರಿಗೇ ಯಾಕೆ ಬಂದರು ಅನ್ನುವುದಕ್ಕೆ ಉತ್ತರ ಇದು. ಮುಂದೆ ಅದೇ ನೆಲಕ್ಕೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟೆಯ ನೀರು ಬಂತು. ತನ್ನ ಊರನ್ನು ಮುಳುಗಿಸಿದ ನೀರಲ್ಲೇ ಮುತ್ತಾತ ಕಬ್ಬು ಬೆಳೆದು, 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಗಾಡಿಯಲ್ಲಿ ಹೊಡೆಯುತ್ತಿದ್ದರಂತೆ. ಅವರಿಗೆ ಹೇಗನ್ನಿಸಿರಬಹುದು ಅಂತ ಈಗಲೂ ಯೋಚಿಸುತ್ತೇನೆ.

ನಿಮ್ಮ ಮನೆಯಲ್ಲಿ ಹಳೇ ಪತ್ರ ಇಲ್ಲದಿದ್ದರೆ ಉಪನೋಂದಣಿ ಕಚೇರಿಯೇ ಗತಿ. ಆನ್‌ಲೈನಿನಲ್ಲಿ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳ ಪಟ್ಟಿ) ಸಿಗುವುದು 2004ರಿಂದ ಈಚಿನದು. ಹಿಂದಿನದಕ್ಕೆ ಕಚೇರಿಗೇ ಹೋಗಬೇಕು, ಅಂದಾಜು ವರ್ಷ ಹೇಳಬೇಕು.

ಕನ್ನಂಬಾಡಿಗೂ ಹಿಂದಿನ ಕಥೆ ಹೇಳಿದವರು ಹೆಳವರು. ಒಕ್ಕಲು ಮನೆಗಳ ವಂಶಾವಳಿ ಹೇಳುವುದೇ ಅವರ ಕುಲಕಸುಬು. ಹಿಂದೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು, ದವಸ, ಬಟ್ಟೆ ಪಡೆದು ಹೋಗುತ್ತಿದ್ದರು. ನಮ್ಮ ಮನೆಗೆ ಬರುವವರು ಈಗ ಬೈಕಿನಲ್ಲಿ ಬರುತ್ತಾರೆ, ಬ್ಯಾಗಿನಲ್ಲಿ ಲೆಕ್ಕದ ಪುಸ್ತಕ ಇರುತ್ತದೆ. ಇಷ್ಟು ವರ್ಷ ಅವರಿಗೆ ರಾಗಿ ಕೊಟ್ಟು ಕಳಿಸುತ್ತಿದ್ದೆವೇ ಹೊರತು ಕೂತು ಕೇಳಿದವರಿರಲಿಲ್ಲ. ಜಗಲಿಯ ಮೇಲೆ ಕೂರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ರಾಗವಾಗಿ ಹೇಳುತ್ತಾ ಹೋದರು: ಬನ್ನೂರು ಸೀಮೆ ಬಿಟ್ಟರು, ಧಾತು ಬರದಲ್ಲಿ ಹೊಳೆ ಹಿಡಿದು ಮೇಲಕ್ಕೆ ಬಂದರು, ಕನ್ನಂಬಾಡಿಯಲ್ಲಿ ನಿಂತರು. ಕ್ರಯಪತ್ರದಲ್ಲಿದ್ದ ಮುತ್ತಾತನ ಅಪ್ಪನ ಹೆಸರು ಅವರ ಬಾಯಲ್ಲೂ ಬಂತು. ನಾನು ಮೊದಲೇ ಹೇಳಿಕೊಟ್ಟಿರಲಿಲ್ಲ. ಯಾರಿಗೂ ಮೊದಲೇ ಹೇಳಿಕೊಡಬಾರದು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ಕ್ಕೆ 42 ಲಕ್ಷಕ್ಕೂ ಕಡಿಮೆ. ಆ ಬರದಲ್ಲಿ ಎಷ್ಟು ಮನೆ ಊರು ಬಿಟ್ಟಿರಬೇಕು! ನಮ್ಮ ಮನೆದೇವರು ತಲಕಾಡಿನ ಪಕ್ಕದ ಮುಡುಕುತೊರೆ ಮಲ್ಲಪ್ಪ. ಇಷ್ಟು ದೂರದ ದೇವರು ನಮಗೆ ಹೇಗೆ ಅಂತ ಚಿಕ್ಕಂದಿನಿಂದ ಕೇಳುತ್ತಿದ್ದೆ. ಬನ್ನೂರಿನಿಂದ ಅದು ಹೊಳೆಯ ಕೆಳಗಿನ ದಾರಿ. ಬಿಟ್ಟು ಬಂದ ಸೀಮೆಯ ದೇವರನ್ನು ಬಿಡಲಿಲ್ಲ, ಆ ಸೀಮೆಯಿಂದ ಹೆಣ್ಣು ತರುವುದನ್ನೂ ಬಿಡಲಿಲ್ಲ. ಕೊಳಗದ ಮೇಲಿನ ‘ಬನ್ನೂರು’ ಅದಕ್ಕೇ ಅಲ್ಲಿತ್ತು.

ನನ್ನ ಪುಸ್ತಕದಲ್ಲಿ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಡೆಯಿಂದ ಬಂದ ಸಂಗತಿಯನ್ನು ಮಾತ್ರ ಪೆನ್ನಿನಲ್ಲಿ ಬರೆಯುವುದು, ಒಂದೇ ಕಡೆಯದಾದರೆ ಪೆನ್ಸಿಲ್ಲಿನಲ್ಲಿ. ಧಾತು ಬರದ ಮಾತು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ. ಬನ್ನೂರಲ್ಲಿ ಆ ಸೋದರಮಾವನ ಮನೆಯವರನ್ನು ಈಗ ಹುಡುಕುತ್ತಿದ್ದೇನೆ.

ಹೆಳವರ ಪುಸ್ತಕದಲ್ಲಿ ನಮ್ಮ ಮನೆಯ ಗಂಡಸರ ಹೆಸರು ಮಾತ್ರ ಇದ್ದವು. ಮುಂದಿನ ಸುಗ್ಗಿಗೆ ಬಂದಾಗ ನಮ್ಮ ಸೋದರತ್ತೆಯರ, ಅಕ್ಕತಂಗಿಯರ, ನನ್ನ ಮಗಳ ಹೆಸರನ್ನೂ, ಕೊಟ್ಟ ಊರುಗಳನ್ನೂ ಬರೆಸುತ್ತೇನೆ. ಅವರಿಗೆ ಹೇಳಿಯೂ ಆಗಿದೆ, ಒಪ್ಪಿದ್ದಾರೆ.