ಬಸ್ಸಿನಲ್ಲಿ ಜಡತ್ವ ತೋರಿಸಲು ದಾರ ಮತ್ತು ಗೋಟಡಿಕೆ
ಆರನೇ, ಏಳನೇ ಕ್ಲಾಸಿನ ಮಕ್ಕಳಿಗೆ ಜಡತ್ವ ಹೇಳಿಕೊಡಬೇಕಾ? ಒಂದು ಗೋಟಡಿಕೆಗೆ (ಸಿಪ್ಪೆ ಸಮೇತ ಒಣಗಿದ ಇಡೀ ಅಡಿಕೆ) ಗೇಣುದ್ದದ ದಾರ ಕಟ್ಟಿ, ಶಿವಮೊಗ್ಗ–ತೀರ್ಥಹಳ್ಳಿ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಗೆ ನೇತುಹಾಕಿ. ಬಸ್ ಹೊರಟಾಗ ಅಡಿಕೆ ಹಿಂದಕ್ಕೆ ವಾಲುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ, ತಿರುವಿನಲ್ಲಿ ಹೊರಮಗ್ಗುಲಿಗೆ. ಅಡಿಕೆಯನ್ನು ಯಾರೂ ತಳ್ಳುತ್ತಿಲ್ಲ. ಬಸ್ಸಿನ ವೇಗವೋ ದಿಕ್ಕೋ ಬದಲಾಗುತ್ತದೆ, ಅಡಿಕೆ ಮಾತ್ರ ಹಳೇ ಚಲನೆಯನ್ನೇ ಹಿಡಿದುಕೊಂಡಿರುತ್ತದೆ, ಅಷ್ಟೇ. ಇದೇ ಜಡತ್ವ. ನೇರ ರಸ್ತೆಯಲ್ಲಿ ಬಸ್ ಒಂದೇ ವೇಗದಲ್ಲಿ ಓಡುವಾಗ ದಾರ ನೆಟ್ಟಗೆ ನಿಲ್ಲುತ್ತದೆ, ಗಂಟೆಗೆ 20 ಕಿ.ಮೀ. ಇರಲಿ, 60 ಇರಲಿ. ಮಕ್ಕಳು ಬೆರಗಾಗುವುದು ಇಲ್ಲೇ, ಅವಸರ ಮಾಡಬೇಡಿ. ದೊಡ್ಡ ಮಕ್ಕಳಾದರೆ ಕೋನಮಾಪಕ ಕೊಡಿ: ದಾರ ಹಿಂದಕ್ಕೋ ಮುಂದಕ್ಕೋ 10 ಡಿಗ್ರಿ ವಾಲಿದರೆ, ಪ್ರತಿ ಸೆಕೆಂಡಿನಲ್ಲೂ ಬಸ್ಸಿನ ವೇಗ ಗಂಟೆಗೆ ಸುಮಾರು 6 ಕಿ.ಮೀ.ನಷ್ಟು ಬದಲಾಗುತ್ತಿದೆ ಎಂದರ್ಥ. ಆದರೆ ಆಗುಂಬೆ ಘಾಟಿಯಲ್ಲಿ ಇದು ಮೋಸ ಮಾಡುತ್ತದೆ. ಏರಿನಲ್ಲಿ ಬಸ್ಸೇ ಓರೆಯಾಗಿರುವುದರಿಂದ, ವೇಗ ಬದಲಾಗದಿದ್ದರೂ ದಾರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಇಳಿಜಾರಿನಲ್ಲಿ ಇದರ ಉಲ್ಟಾ. ಹೊಂಡ ಬಿದ್ದ ರಸ್ತೆಯಲ್ಲೂ ಸುಮ್ನೆ ತೂಗಾಡುತ್ತದೆ (ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಇದೇ ಜಾಸ್ತಿ ಅಲ್ವಾ). ಕಿಟಕಿ ಮುಚ್ಚಿರಲಿ, ಗಾಳಿ ಬಡಿದರೆ ಲೆಕ್ಕ ತಪ್ಪುತ್ತದೆ. ಸುಲಿದ ಅಡಿಕೆ ತೀರಾ ಹಗುರ, ಸಿಪ್ಪೆ ಇರುವ ಗೋಟೇ ಬೇಕು.