ಡಾಸ್ ಕಂಪ್ಯೂಟರ್: ಕಾರ್ಡ್ ಆರಿಸಿ, 640 ಕೆಬಿ ಉಳಿಸಿ

ಡಾಸ್ (ವಿಂಡೋಸ್‌ಗೆ ಮುಂಚಿನ ಆಪರೇಟಿಂಗ್ ಸಿಸ್ಟಂ) ಆಟಗಳನ್ನು ಆಡಲೆಂದು ತೋಟದ ಮನೆಯ ಅಟ್ಟದಿಂದ ಹಳೆಯ 486 ಕಂಪ್ಯೂಟರ್ ಇಳಿಸಿದವರು ಮೊದಲು ಸ್ವಿಚ್ ಒತ್ತುತ್ತಾರೆ. ಬೇಡ, ಮೊದಲು ಪೆಟ್ಟಿಗೆ ಬಿಚ್ಚಿ. ಮದರ್‌ಬೋರ್ಡಿನ ಮೇಲೆ ಪೀಪಾಯಿ ಆಕಾರದ 3.6 ವೋಲ್ಟ್ ಬ್ಯಾಟರಿ ಇದ್ದರೆ ಕತ್ತರಿಸಿ ತೆಗೆಯಿರಿ. ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕೊಡಗಿನ ಮಳೆಗಾಲದ ಥಂಡಿಯಲ್ಲಿ ಹಾನಿ ಇನ್ನೂ ಹೆಚ್ಚು. ಹಸಿರು ಕಲೆಗೆ ವಿನೆಗರ್ ಹಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಉಜ್ಜಿದರೆ ಸಾಕು.

ಗ್ರಾಫಿಕ್ಸ್ ಕಾರ್ಡನ್ನು ಸ್ಲಾಟ್ (ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸೀಳು) ಯಾವ ಬಗೆಯದೆಂದು ನೋಡಿ ಆರಿಸಿ. ಬರೀ ಐಎಸ್‌ಎ ಇದ್ದರೆ ತ್ಸೆಂಗ್ ಇಟಿ4000, ವೆಸಾ ಲೋಕಲ್ ಬಸ್ ಇದ್ದರೆ ಸಿರಸ್ ಲಾಜಿಕ್ 5428, ಪಿಸಿಐ ಆದರೆ ಎಸ್3 ಟ್ರಯೊ64. ಅಗ್ಗಕ್ಕೆ ಸಿಗುವ ಟ್ರೈಡೆಂಟ್ 9000 ಆಮೆ, ಕೊಳ್ಳಬೇಡಿ. ಹೆಚ್ಚು ವಿಡಿಯೊ ಮೆಮೊರಿಗೆ ಹಣ ಸುರಿಯುವುದೂ ದಂಡ: 320x200, 256 ಬಣ್ಣದ ಚಿತ್ರಕ್ಕೆ 64,000 ಬೈಟ್ ಸಾಕು, 640x480ಕ್ಕೂ ಸುಮಾರು 300 ಕೆಬಿ. 1 ಎಂಬಿ ಧಾರಾಳವಾಯಿತು.

ಎಲ್ಲರೂ ಎಡವುವುದು ಮೆಮೊರಿಯಲ್ಲಿ. 16 ಎಂಬಿ ರ‍್ಯಾಮ್ ಹಾಕಿದ ಮೇಲೂ ಆಟ ‘ಮೆಮೊರಿ ಸಾಲದು’ ಎನ್ನುತ್ತದೆ. ಅದು ಕೇಳುತ್ತಿರುವುದು ಮೆಮೊರಿಯ ಮೊದಲ, ಅಂದರೆ ಕೆಳಗಿನ 640 ಕೆಬಿಯಲ್ಲಿ ಖಾಲಿ ಜಾಗ. ಡ್ರೈವರ್‌ಗಳು (ಮೌಸ್‌ನಂಥ ಸಾಧನಗಳನ್ನು ನಡೆಸುವ ಕಿರು ಪ್ರೋಗ್ರಾಂಗಳು) ಅಲ್ಲೇ ಠಿಕಾಣಿ ಹೂಡಿರುತ್ತವೆ. ಎಬ್ಬಿಸಿ ಮೇಲೆ, 640 ಕೆಬಿಯಿಂದ 1 ಎಂಬಿವರೆಗಿನ ಜಾಗಕ್ಕೆ ಕಳಿಸಬೇಕು. ಡಾಸ್ ಶುರುವಾಗುವಾಗ ಓದುವ ಕಾನ್ಫಿಗ್.ಸಿಸ್ ಕಡತದಲ್ಲಿ ಈ ಮೂರು ಸಾಲು, ಇದೇ ಕ್ರಮದಲ್ಲಿ (ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ):

ಡಿವೈಸ್=ಸಿ:\ಡಾಸ್\ಹೈಮೆಮ್.ಸಿಸ್
ಡಿವೈಸ್=ಸಿ:\ಡಾಸ್\ಇಎಂಎಂ386.ಇಎಕ್ಸ್‌ಇ ನೋಇಎಂಎಸ್ ಐ=ಬಿ000-ಬಿ7ಎಫ್‌ಎಫ್
ಡಾಸ್=ಹೈ,ಯುಎಂಬಿ

‘ನೋಇಎಂಎಸ್’ ಎಂದರೆ ಇಎಂಎಸ್ (ಹಳೆಯ ಬಗೆಯ ಹೆಚ್ಚುವರಿ ಮೆಮೊರಿ) ನೋಡುವ ಕಿಟಕಿಯಾದ ಪೇಜ್ ಫ್ರೇಮ್ ಬೇಡವಾಗಿ, ಅದು ಹಿಡಿಯುವ 64 ಕೆಬಿ ಜಾಗ ಖಾಲಿ ಸಿಗುತ್ತದೆ. ಕೊನೆಯ ‘ಐ=’ ಭಾಗ ಕಪ್ಪು-ಬಿಳುಪು ಪರದೆಗೆ ಮೀಸಲಾದ 32 ಕೆಬಿಯನ್ನು ಡ್ರೈವರ್‌ಗಳಿಗೆ ಬಿಟ್ಟುಕೊಡುತ್ತದೆ. ಆದರೆ ಕೆಲವು ಎಸ್‌ವಿಜಿಎ (ಸುಧಾರಿತ ಗ್ರಾಫಿಕ್ಸ್) ಕಾರ್ಡ್‌ಗಳು ಆ ಜಾಗವನ್ನು ತಾವೇ ಬಳಸುತ್ತವೆ. ಆಗ ಯಂತ್ರ ನಿಲ್ಲುತ್ತದೆ, ಇಲ್ಲವೇ ಪರದೆ ಕೆಡುತ್ತದೆ. ಡಾಸ್ 6ರಲ್ಲಿ ಶುರುವಾಗುವಾಗ ಎಫ್5 ಒತ್ತಿ ಒಳಹೊಕ್ಕು ಆ ಭಾಗವನ್ನಷ್ಟೇ ಅಳಿಸಿ. ಇನ್ನೂ ಹಳೆಯ 286 ಪ್ರೊಸೆಸರ್ ಇರುವವರು ಎರಡನೇ ಸಾಲನ್ನೇ ಮರೆಯಿರಿ, ಅದಕ್ಕೆ 386 ಬೇಕು.

ಉಳಿದ ಡ್ರೈವರ್‌ಗಳನ್ನು ಮೇಲೆ ಕಳಿಸಲು ಕಾನ್ಫಿಗ್.ಸಿಸ್‌ನಲ್ಲಿ ಡಿವೈಸ್‌ಹೈ, ಶುರುವಿನಲ್ಲಿ ತಾನಾಗಿ ಓಡುವ ಆಟೊಎಕ್ಸೆಕ್.ಬ್ಯಾಟ್ ಕಡತದಲ್ಲಿ ಎಲ್‌ಎಚ್ ಎಂದು ಬರೆಯಿರಿ. ದೊಡ್ಡದನ್ನು ಮೊದಲು ಏರಿಸಿ: ಡ್ರೈವರ್ ಹತ್ತುವಾಗ ಹಿಡಿಯುವ ಜಾಗ, ಕೂತ ಮೇಲೆ ಉಳಿಸಿಕೊಳ್ಳುವುದಕ್ಕಿಂತ ಹೆಚ್ಚಿರಬಹುದು. ಚಿಕ್ಕದು ಮೊದಲು ಹೋಗಿ ಜಾಗ ಒಡೆದರೆ ದೊಡ್ಡದು ಸದ್ದಿಲ್ಲದೆ ಕೆಳಗೇ ಉಳಿಯುತ್ತದೆ. ಮೌಸ್‌ಗೆ ಮೈಕ್ರೋಸಾಫ್ಟ್‌ನದು ಬೇಡ, ಕ್ಯೂಟ್‌ಮೌಸ್ ಹಾಕಿ, ಅದು ಕೆಲವೇ ಕೆಬಿ. ಮೆಮ್‌ಮೇಕರ್ ಎಂಬ ಸ್ವಯಂಚಾಲಿತ ಸಾಧನ ಕ್ರಮವನ್ನು ಬದಲಿಸುವುದಿಲ್ಲ; ಕೈಯಲ್ಲೇ ಮಾಡಿ.

‘ಮೆಮ್ /ಸಿ /ಪಿ’ ಹೊಡೆದು ನೋಡಿ. ಕೆಳಗಿನ ಖಾಲಿ ಜಾಗ 600 ಕೆಬಿ ದಾಟಿದ್ದರೆ ಬಹುತೇಕ ಆಟ ಓಡುತ್ತವೆ. ಇಎಂಎಸ್ ಬೇಕೆನ್ನುವ ಹಳೆಯ ಆಟಗಳಿಗೆ ಮಾತ್ರ ‘ನೋಇಎಂಎಸ್’ ಬದಲು ‘ರ‍್ಯಾಮ್’ ಎಂದು ಬರೆದ ಇನ್ನೊಂದು ಆಯ್ಕೆಯನ್ನು ಬೂಟ್ ಮೆನುವಿನಲ್ಲಿ (ಶುರುವಾಗುವಾಗ ತೋರುವ ಆಯ್ಕೆಪಟ್ಟಿ) ಇಡಿ.