ವೈರ್ ಹಿಡಿದು ಹೊರಟೆ: ಬ್ರಾಡ್‌ಬ್ಯಾಂಡ್ ಬದಲಿಸಿದ ನನ್ನ ಅನುಭವ

ಚಿಕ್ಕಮಗಳೂರು ಹತ್ತಿರದ ಆಲ್ದೂರಿನ ಆಚೆ, ಮೇನ್ ರೋಡಿನಿಂದ ಮುಕ್ಕಾಲು ಕಿಲೋಮೀಟರ್ ಒಳಗೆ ನಮ್ಮ ಮನೆ, ತೋಟ, ಪಕ್ಕದಲ್ಲಿ ನಾಲ್ಕು ಕೋಣೆಯ ಹೋಂಸ್ಟೇ. ಈ ಸಲದ ಮಳೆಗಾಲದಲ್ಲಿ ಇಂಟರ್ನೆಟ್ ಕೈಕೊಟ್ಟ ಹೊತ್ತನ್ನೆಲ್ಲಾ ಕೂಡಿಸಿದರೂ ಒಂದು ದಿನ ಆಗಲಿಕ್ಕಿಲ್ಲ. ಎರಡು ವರ್ಷದ ಹಿಂದೆ ಜುಲೈ ಒಂದೇ ತಿಂಗಳಲ್ಲಿ ವಾರಕ್ಕಿಂತ ಜಾಸ್ತಿ ಸತ್ತು ಮಲಗಿತ್ತು. ನಾನು ಕೊಡೆ ಹಿಡಿದು ಕಂಬದಿಂದ ಕಂಬಕ್ಕೆ ವೈರ್ ನೋಡುತ್ತಾ ಓಡಾಡುವಾಗ ನಕ್ಕವರು ಸುಮಾರು ಜನ ಇದ್ದಾರೆ. "5ಜಿ ಡಬ್ಬ ತಂದಿಟ್ರೆ ಮುಗೀತು, ಇವನೇನು ಲೈನ್‌ಮ್ಯಾನ್ ಕೆಲ್ಸಕ್ಕೆ ಅರ್ಜಿ ಹಾಕ್ತಾನಾ?" ಎಂದು ನಮ್ಮ ಭಾವ ಮದುವೆ ಮನೆಯಲ್ಲೆಲ್ಲಾ ಹೇಳಿಕೊಂಡು ಬಂದಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ತಾಮ್ರದ ಲೈನಿನ ಕಾಲದ ಕಥೆ ಬೇಡ. ಏಪ್ರಿಲ್ ಗುಡುಗಿಗೆ ಮೋಡೆಮ್ ಸುಟ್ಟುಹೋಗುವುದನ್ನು ಎಲ್ಲರೂ ನೋಡಿದ್ದೀರಿ. ಫೈಬರ್ ಬಂತು, ಎರಡು ವರ್ಷ ಚೆನ್ನಾಗೇ ಇತ್ತು. ಆಮೇಲೆ ಮಳೆ ಹಿಡಿಯಿತೆಂದರೆ ಫೈಬರಿನ ಡಬ್ಬದ ಮೇಲೆ ಕೆಂಪು ದೀಪ. ಕಂಪ್ಲೇಂಟ್ ಕೊಟ್ಟರೆ ಸಂಜೆಗೆ ಮೆಸೇಜ್ ಬರುತ್ತದೆ, ನಿಮ್ಮ ದೂರು ಪರಿಹಾರವಾಗಿದೆ ಅಂತ. ಇಲ್ಲಿ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ. ಕಂಪನಿ ಯಾವುದು ಎಂದು ಬರೆಯುವುದಿಲ್ಲ. ಹತ್ತು ಕಿಲೋಮೀಟರ್ ಆಚೆ ಅದೇ ಕಂಪನಿಯ ಲೈನ್ ಸಕತ್ತಾಗಿ ನಡೆಯುತ್ತಿದೆ. ನನ್ನ ಲೆಕ್ಕದಲ್ಲಿ ಕಂಪನಿಯ ಹೆಸರಿನಿಂದ ಏನೂ ತೀರ್ಮಾನ ಆಗುವುದಿಲ್ಲ.

ಬೆಂಗಳೂರಿನಿಂದ ಬರುವವರು ಈಗ ಊಟಕ್ಕಿಂತ ಮೊದಲು ವೈಫೈ ಕೇಳುತ್ತಾರೆ. ಶುಕ್ರವಾರ ಬಂದು ಸೋಮವಾರ ಇಲ್ಲಿಂದಲೇ ಆಫೀಸ್ ಮಾಡುವ ಜನ. ಮಧ್ಯಾಹ್ನದ ಮೀಟಿಂಗಿನಲ್ಲಿ ಲೈನ್ ಹೋದರೆ ಅವರು ಬಾಯಿಬಿಟ್ಟು ಬೈಯುವುದಿಲ್ಲ, ರೂಮ್ ಖಾಲಿ ಮಾಡಿ ಹೋಗುತ್ತಾರೆ. ಆ ಜುಲೈನಲ್ಲಿ ಹದಿನೈದು ಸಾವಿರದಷ್ಟು ಹಾಗೇ ಹೋಯಿತು.

ಮೊದಲು ಮಾಡಿದ್ದು 4ಜಿ ರೂಟರ್, ಮಾಳಿಗೆ ಮೇಲೆ ಆಂಟೆನಾ. ಐದು ಸಾವಿರ ಚಿಲ್ಲರೆ. ಹಗಲು ಪರವಾಗಿಲ್ಲ, ರಾತ್ರಿ ಎಂಟರ ಮೇಲೆ ಊರೆಲ್ಲಾ ಫೋನ್ ಹಿಡಿದ ಮೇಲೆ ಯುಪಿಐ ಕೂಡ ಸುತ್ತುತ್ತಾ ನಿಲ್ಲುತ್ತಿತ್ತು. ಆಮೇಲೆ ಭಾವ ಹೇಳಿದ, ವೈರಿಲ್ಲದೆ ಟವರಿನಿಂದ ನೆಟ್ ಹಿಡಿಯುವ 5ಜಿ ಡಬ್ಬ. ಅದನ್ನು ತೆಗಳಲಾರೆ. ಮಾರ್ಚ್‌ನಲ್ಲಿ ಹಾಕಿಸಿದಾಗ ನೂರು ಎಂಬಿಪಿಎಸ್ ಆರಾಮಾಗಿ ಕೊಟ್ಟಿತು, ಏಕೆಂದರೆ ಆಗಷ್ಟೇ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದಿತ್ತು. ಟವರ್ ಕಡೆಗೆ ನೋಟ ಬಿಚ್ಚಿಕೊಂಡಿತ್ತು. ಜೂನ್ ಹೊತ್ತಿಗೆ ಸಿಲ್ವರ್ ಓಕ್ ಚಿಗುರಿ ತುಂಬಿತು, ಮಳೆಯೂ ಹಿಡಿಯಿತು. ನೂರು ಇದ್ದದ್ದು ಹನ್ನೆರಡಕ್ಕೆ ಇಳಿಯಿತು. ವೇಗ ಕೊಡುವ 5ಜಿ ಬ್ಯಾಂಡ್ 3300 ಮೆಗಾಹರ್ಟ್ಸ್ ಆಸುಪಾಸಿನದು. ಅದಕ್ಕೆ ಮಳೆ ಹನಿ ಅಷ್ಟು ಅಡ್ಡಿಯಲ್ಲ, ನೆನೆದ ಎಲೆ ಅಡ್ಡಿ. ಇದನ್ನು ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಎದುರಿನ ಎರಡು ಮರದ ಕೊಂಬೆ ಇಳಿಸಿದ ದಿನ ಮೂವತ್ತೈದಕ್ಕೆ ಏರಿತು. ಇಂಟರ್ನೆಟ್ಟಿಗೋಸ್ಕರ ಕಾಫಿಯ ನೆರಳು ತೆಗೆಯುತ್ತೀಯಾ ಎಂದು ಅಪ್ಪ ಕೇಳಿದ ಮೇಲೆ ಆ ಪ್ರಯೋಗ ನಿಲ್ಲಿಸಿದೆ. ಆಲ್ದೂರು ಪೇಟೆಯಲ್ಲೋ, ಚಿಕ್ಕಮಗಳೂರಿನ ಐ.ಜಿ. ರೋಡಿನ ಸುತ್ತಮುತ್ತಲೋ ಇರುವವರು ಡಬ್ಬ ಇಟ್ಟುಕೊಳ್ಳಿ, ಯಾರು ಬೇಡ ಅಂದರು. ಮರದ ಕೆಳಗೆ ಮನೆ ಇರುವವರ ಮಾತು ಬೇರೆ.

ಹಾಗಾಗಿ ಮತ್ತೆ ಫೈಬರ್. ನಮ್ಮ ಕಡೆ ಈಗ ಮೂರು ಕಂಪನಿಗಳ ಫೈಬರ್ ಓಡಾಡುತ್ತಿದೆ, ಮೂರೂ ಲೋಕಲ್ ಕೇಬಲ್‌ನವರ ಕೈಯಿಂದಲೇ. ಮೂವರ ಪಾಂಪ್ಲೆಟ್ ಪಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಒಂದೇ. ರೇಟು ಐವತ್ತು ರೂಪಾಯಿ ಆಚೀಚೆ, 3300 ಜಿಬಿ, ಇನ್‌ಸ್ಟಾಲೇಷನ್ ಫ್ರೀ. ಅದರಿಂದ ಏನು ಆರಿಸುತ್ತೀರಿ? ಪಾಂಪ್ಲೆಟ್ ಮಡಚಿಟ್ಟು ವೈರ್ ಹಿಡಿದು ನಡೆದೆ.

ಮೊದಲು ಹಳೆಯ ಲೈನ್. ಆನ್‌ಲೈನಿನಲ್ಲಿ ಫೈಬರಿನೊಳಗಿನ ಬೆಳಕು ಅಳೆಯುವ ಪವರ್ ಮೀಟರ್ ತರಿಸಿದ್ದೆ, ಸಾವಿರದ ಇನ್ನೂರೋ ಮುನ್ನೂರೋ. ಫೈಬರ್ ಎಲ್ಲಿ ಮುರಿದಿದೆ ಎಂದು ತೋರಿಸುವ ಕೆಂಪು ಲೇಸರ್ ಪೆನ್ನಿಗೆ ಇನ್ನೊಂದು ಐನೂರು. ಮೀಟರನ್ನು 1490 ನ್ಯಾನೊಮೀಟರಿಗೆ (ಕಂಪನಿಯಿಂದ ಮನೆಗೆ ಬರುವ ಬೆಳಕಿನ ತರಂಗಾಂತರ) ಇಟ್ಟು ನೋಡಿದರೆ ಬಿಸಿಲಿನ ದಿನವೇ ಮೈನಸ್ 26 ಡಿಬಿಎಂ ಚಿಲ್ಲರೆ. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಸಾಮಾನ್ಯ ಫೈಬರ್ ಡಬ್ಬ ಮೈನಸ್ 27ರವರೆಗೆ ಎಳೆಯುತ್ತದೆ, ಅದರಾಚೆ ದೇವರೇ ಗತಿ. ಅಂದರೆ ಬೇಸಿಗೆಯಲ್ಲೂ ನಮ್ಮ ಲೈನ್ ಅಂಚಿನಲ್ಲೇ ನಿಂತಿತ್ತು, ಮಳೆ ಬರೀ ನೂಕುತ್ತಿತ್ತು. ದೂರದಿಂದ ಹೀಗಾಗುತ್ತದೆ ಎಂದು ಆಫೀಸಿನವರು ಹೇಳಿದ್ದು ಸುಮ್ನೆ. ಒಳ್ಳೆ ಫೈಬರ್ ಕಿಲೋಮೀಟರಿಗೆ ತಿನ್ನುವುದು ಕಾಲು ಡಿಬಿಯೋ (ಬೆಳಕಿನ ನಷ್ಟದ ಅಳತೆ) ಮೂರನೇ ಒಂದೋ. ಒಂದು ಫೈಬರಿನ ಬೆಳಕನ್ನು ಎಂಟು ಮನೆಗೆ ಹಂಚುವ ಸ್ಪ್ಲಿಟರ್ ಹತ್ತೂವರೆ ತಿನ್ನುತ್ತದೆ, ಅದು ಎಲ್ಲರಿಗೂ ಇದ್ದದ್ದೇ. ನಮ್ಮಲ್ಲಿ ಹೆಚ್ಚುವರಿಯಾಗಿ ತಿನ್ನುತ್ತಿದ್ದದ್ದು ಜಾಯಿಂಟ್.

ಜಾಯಿಂಟ್ ಎಲ್ಲೆಲ್ಲಿವೆ ನೋಡೋಣ ಎಂದು ಲೈನ್ ಹುಡುಗನನ್ನು ಭಾನುವಾರ ಕರೆಸಿಕೊಂಡೆ. ವೈರ್ ಪಂಚಾಯಿತಿ ರಸ್ತೆ ಬಿಟ್ಟು ಹಳ್ಳದ ಪಕ್ಕ ಇಳಿದು, ಪಕ್ಕದವರ ತೋಟದೊಳಗೆ ಹಲಸಿನ ಮರಕ್ಕೊಂದು ಸುತ್ತು, ಸಿಲ್ವರ್ ಓಕಿಗೆ ಮೂರು ಸುತ್ತು ಹಾಕಿಕೊಂಡು ಬಂದಿತ್ತು. ಹತ್ತಿರದ ದಾರಿ ಎಂದು ಹಾಗೆ ಎಳೆದಿದ್ದರಂತೆ. ಕೊಂಬೆ ಬಿದ್ದಾಗಲೆಲ್ಲಾ ಒಂದೊಂದು ಜಾಯಿಂಟ್ ಹುಟ್ಟಿತ್ತು. ಹಲಸಿನ ಮರದ ಹತ್ತಿರದ ಡಬ್ಬಿಯನ್ನು ಹುಡುಗ ಬಿಚ್ಚಿದ. ಮುಚ್ಚಳಕ್ಕೆ ಸುತ್ತಿದ್ದ ಕಪ್ಪು ಟೇಪ್ ಕೈಗೆ ಅಂಟಂಟಾಗಿ ಕಿತ್ತು ಬಂತು. ಒಳಗೆ ಕೆಂಪಿರುವೆ, ಬಿಳೀ ಮೊಟ್ಟೆ, ಅರ್ಧ ಇಂಚು ನೀರು. ಆ ನೀರಿನಲ್ಲಿ ಒಂದು ಫಾಸ್ಟ್ ಕನೆಕ್ಟರ್ ಮುಳುಗಿತ್ತು. ಸ್ಪ್ಲೈಸಿಂಗ್ (ಮಿಷನ್ನಿನಲ್ಲಿ ಎರಡು ತುದಿ ಕರಗಿಸಿ ಬೆಸೆಯುವುದು) ಮಾಡಿರಲಿಲ್ಲ, ಎರಡು ತುದಿ ಒತ್ತಿ ಕೂರಿಸಿದ್ದರು ಅಷ್ಟೆ.

"ಇದನ್ನ ಸ್ಪ್ಲೈಸ್ ಮಾಡಿದ್ರೆ ಸರಿ ಹೋಗುತ್ತಾ?" ಎಂದೆ.

"ಇದೊಂದು ಸರಿ ಹೋಗುತ್ತೆ ಅಣ್ಣ. ಇಂಥವು ಇನ್ನೂ ನಾಕೈದು ಇದಾವೆ. ಮಿಷನ್ ಇರೋದು ಒಂದೇ, ಅದು ಬಾಳೆಹೊನ್ನೂರು ಕಡೆ ಹೋಗಿದೆ."

"ಯಾವಾಗ ಬರುತ್ತೆ?"

"ಅದು ಗೊತ್ತಿದ್ರೆ ನಾನ್ಯಾಕೆ ಟೇಪ್ ಸುತ್ತುತ್ತಿದ್ದೆ?"

ಅವತ್ತೇ ಹಳೆಯ ಕಂಪನಿಯ ಆಸೆ ಬಿಟ್ಟೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮುಂದೆ ನನಗೆ ಬೇಕಾದ ವಿಷಯ ಹೇಳಿದ್ದು ಅವನೇ. ಸೇಲ್ಸ್‌ನವರ ಹತ್ತಿರ ಏನೂ ಕೇಳಬೇಡಿ, ರೋಡಿನಲ್ಲಿ ಏಣಿ ಹಾಕಿಕೊಂಡಿರುವವರನ್ನು ಟೀ ಅಂಗಡಿಗೆ ಕರೆಯಿರಿ. ಹೊಸ ಕಂಪನಿ ಎರಡರ ಹುಡುಗರಿಂದಲೂ ಸ್ಪ್ಲಿಟರ್ ಎಲ್ಲಿದೆ, ಅಲ್ಲಿಂದ ನಮ್ಮ ಮನೆಗೆ ಎಷ್ಟು ಜಾಯಿಂಟ್, ಸ್ಪ್ಲೈಸಿಂಗ್ ಮಿಷನ್ ಯಾರ ಹತ್ತಿರ ಇದೆ, ಓಎಲ್‌ಟಿ (ಎಲ್ಲರ ಫೈಬರಿಗೂ ಬೆಳಕು ಬಿಡುವ, ಕಂಪನಿ ತುದಿಯ ಯಂತ್ರ) ಇಟ್ಟ ಕೋಣೆಗೆ ಜನರೇಟರ್ ಇದೆಯಾ, ಡೀಸೆಲ್ ಹಾಕುವವನು ರಾತ್ರಿ ಅಲ್ಲೇ ಇರುತ್ತಾನಾ, ಎಲ್ಲಾ ಕೇಳಿಕೊಂಡೆ. ನಮ್ಮ ಮನೆಯಲ್ಲಿ ಬ್ಯಾಟರಿ ಇಟ್ಟು ಏನು ಪ್ರಯೋಜನ, ಆ ತುದಿಯ ಓಎಲ್‌ಟಿ ಕರೆಂಟಿಲ್ಲದೆ ಮಲಗಿದ್ದರೆ? ಇನ್ನೊಂದು ಪ್ರಶ್ನೆ ನನ್ನದೇ. ನಿಮ್ಮ ಆಪರೇಟರ್, ಅಂದರೆ ಲೋಕಲ್ ಕೇಬಲ್ ಯಜಮಾನರ ಮನೆಗೆ ಯಾವ ಸ್ಪ್ಲಿಟರಿನಿಂದ ಲೈನ್ ಹೋಗಿದೆ? ಒಬ್ಬನ ಉತ್ತರ, ಅವರು ಚಿಕ್ಕಮಗಳೂರಿನಲ್ಲಿರುತ್ತಾರೆ. ಇನ್ನೊಬ್ಬ ಹೇಳಿದ, ಹಾಲಿನ ಡೈರಿ ಗೋಡೆ ಮೇಲಿನದ್ದು, ನಿಮಗೆ ಬರೋದೂ ಅದೇ. ಆಪರೇಟರ್ ಮನೆಯಲ್ಲಿ ಧಾರಾವಾಹಿ ನಿಂತರೆ ನನ್ನ ಮನೆಯ ಲೈನೂ ರಿಪೇರಿ ಆಗುತ್ತದೆ. ಅಲ್ಲಿಗೆ ಮುಕ್ಕಾಲು ಪಾಲು ತೀರ್ಮಾನ ಆಯಿತು.

ಉಳಿದ ಕಾಲು ಪಾಲಿಗೆ ಡೈರಿ ಪಕ್ಕದ ಎರಡು ಮನೆಗೆ ಹೋಗಿ, ಅವರ ರೂಟರ್ ಪೇಜಿನಲ್ಲಿ ಆಪ್ಟಿಕಲ್ ಪವರ್ ನೋಡಿಕೊಂಡು ಬಂದೆ. ಮೈನಸ್ 20, 21 ಇತ್ತು. ರಾತ್ರಿ ಎಂಟೂವರೆಗೆ, ಐಪಿಎಲ್ ಮ್ಯಾಚ್ ನಡೆಯುವಾಗ, ಸ್ಪೀಡ್ ಟೆಸ್ಟ್ ಹಾಕಿ ನೋಡಿದೆ. ಮಧ್ಯಾಹ್ನ ಮೂರಕ್ಕೆ ಮಾಡಿದ ಟೆಸ್ಟ್ ತೋರಿಸುವವರನ್ನು ನಂಬಬೇಡಿ. ಓಎಲ್‌ಟಿಯ ಒಂದು ಪಾನ್ ಪೋರ್ಟಿನ ಎರಡೂವರೆ ಗಿಗಾಬಿಟ್ಟನ್ನು ಮೂವತ್ತೆರಡೋ ಅರವತ್ತನಾಲ್ಕೋ ಮನೆ ಹಂಚಿಕೊಳ್ಳುತ್ತವೆ. ಅದಕ್ಕಿಂತ ಅವರು ಮೇಲಿನ ಕಂಪನಿಯಿಂದ ಎಷ್ಟು ಬ್ಯಾಂಡ್‌ವಿಡ್ತ್ ಕೊಂಡು ತರುತ್ತಾರೆ ಎನ್ನುವುದು ದೊಡ್ಡದು, ಅದು ರಾತ್ರಿ ಮಾತ್ರ ಗೊತ್ತಾಗುತ್ತದೆ.

ದುಡ್ಡಿನ ವಿಷಯ. ವರ್ಷದ ಪ್ಲಾನ್ ತಗೊಂಡ್ರೆ ಎರಡು ತಿಂಗಳು ಫ್ರೀ ಎಂದು ಆಪರೇಟರ್ ಬಹಳ ಒತ್ತಾಯ ಮಾಡಿದ. ಬೇಡ ಎಂದೆ. ತಿಂಗಳದ್ದೇ ತೆಗೆದುಕೊಂಡೆ, 599ರದ್ದು. 18 ಪರ್ಸೆಂಟ್ ಜಿಎಸ್‌ಟಿ ಸೇರಿ 707 ಆಗುತ್ತದೆ, ಪಾಂಪ್ಲೆಟ್ಟಿನಲ್ಲಿ ಇದನ್ನು ಇರುವೆ ಅಕ್ಷರದಲ್ಲಿ ಹಾಕಿರುತ್ತಾರೆ. ಇನ್‌ಸ್ಟಾಲೇಷನ್ ಫ್ರೀ ಅಂದದ್ದು ಕೂಡ ಮೊದಲ ನೂರು ಮೀಟರ್ ವೈರಿಗೆ ಮಾತ್ರ. ಉಳಿದದ್ದಕ್ಕೆ ಮೀಟರಿಗೆ ಎಂಟೋ ಒಂಬತ್ತೋ ಲೆಕ್ಕ ಹಾಕಿ ಐದು ಸಾವಿರದ ಹತ್ತಿರ ಆಯಿತು. ನಾನೇ ದಾರಿ ತೋರಿಸಿದೆ. ಹಳ್ಳದ ಕಡೆ ಬೇಡ, ಪಂಚಾಯಿತಿ ರಸ್ತೆಯ ಕಂಬದ ಮೇಲೇ ಬರಲಿ, ಇನ್ನೂರು ಮೀಟರ್ ಜಾಸ್ತಿ ಆದರೂ ಸರಿ. ದಾರಿಯಲ್ಲಿ ಜಾಯಿಂಟ್ ಇಲ್ಲ, ಎರಡು ತುದಿಯೂ ಮಿಷನ್ನಿನಲ್ಲೇ ಸ್ಪ್ಲೈಸ್. ಮಿಷನ್ ತಂದು ಮನೆ ಬಾಗಿಲಲ್ಲಿ ಕೂತು ಸ್ಪ್ಲೈಸ್ ಮಾಡುವಂತೆ ಅವರನ್ನು ಹೇಗೆ ಒಪ್ಪಿಸಿದೆ ಎನ್ನುವುದು ನನ್ನ ಹತ್ತಿರವೇ ಇರಲಿ. ಅವತ್ತು ಮನೆಯಲ್ಲಿ ಕಡುಬು, ಕೋಳಿ ಸಾರು ಮಾಡಿದ್ದರು, ಅಷ್ಟು ಹೇಳಬಲ್ಲೆ. ಮೀಟರ್ ಮೈನಸ್ 21 ತೋರಿಸಿತು.

ಹಳೆಯದನ್ನು ಮಾತ್ರ ಕಟ್ ಮಾಡಿಸಲಿಲ್ಲ. ಮೇ ತಿಂಗಳಿನಿಂದ ಆಗಸ್ಟ್ ಮುಗಿಯುವವರೆಗೂ ಎರಡೂ ಇಟ್ಟುಕೊಂಡೆ. ಎರಡೆರಡು ಬಿಲ್ ಕಟ್ಟುತ್ತಾನಲ್ಲ ಎಂದು ಆಗಲೂ ನಕ್ಕರು. ಮೊಬೈಲಿನಲ್ಲಾದರೆ 2011ರಿಂದ ನಂಬರ್ ಪೋರ್ಟ್ ಮಾಡಬಹುದು, ಬ್ರಾಡ್‌ಬ್ಯಾಂಡಿಗೆ ಆ ಭಾಗ್ಯ ಇಲ್ಲ. ಮುಚ್ಚಿದರೆ ಮುಚ್ಚಿದ್ದೇ. ಮೇನಲ್ಲಿ ಎಲ್ಲರ ಲೈನೂ ಚೆಂದ, ಪರೀಕ್ಷೆ ಇರುವುದು ಆಷಾಢದಲ್ಲಿ. ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಎರಡೂ ಲೈನ್ ಕೊಟ್ಟು, ನಿಮಿಷಕ್ಕೊಮ್ಮೆ 1.1.1.1 ಮತ್ತು 8.8.8.8 ಎಂಬ ಹೊರಗಿನ ಸರ್ವರ್‌ಗಳಿಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಸಣ್ಣ ಸಂದೇಶ) ಬಿಟ್ಟು ಫೈಲಿನಲ್ಲಿ ಬರೆಸಿಟ್ಟೆ. ಅದರ ಜೊತೆ ಕಂಪನಿಯ ಮೊದಲ ಗೇಟ್‌ವೇಗೂ (ನಮ್ಮ ಲೈನ್ ಮುಟ್ಟುವ ಅವರ ಮೊದಲ ಯಂತ್ರ) ಒಂದು ಪಿಂಗ್. ಗೇಟ್‌ವೇ ಸಿಕ್ಕಿ ಹೊರಗಡೆ ಸಿಗದಿದ್ದರೆ ತೊಂದರೆ ಮೇಲಿನದು, ಹುಡುಗನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಗೇಟ್‌ವೇಯೇ ಸಿಗದಿದ್ದರೆ ಏಣಿ ಬೇಕು. ಒಂದು ಲೈನ್ ಹೋದರೆ ಇನ್ನೊಂದಕ್ಕೆ ತಾನಾಗಿ ಹಾರುವ ವ್ಯವಸ್ಥೆಯನ್ನೂ ಮಾಡಿದ್ದೆ, ಅತಿಥಿಗಳ ಕೆಲಸ ಹೆಚ್ಚು ಹೊತ್ತು ನಿಲ್ಲದ ಹಾಗೆ. ಅದರ ಸೆಟ್ಟಿಂಗ್ ಬೇಕಾದವರು ಮನೆಗೆ ಬನ್ನಿ, ಕಾಫಿ ಕುಡಿದು ಹೋಗಿ.

ಗುಡುಗಿನ ಕಡೆ ಒಂದು ಪ್ರಯೋಗ. ಫೈಬರಿಗೆ ಸಿಡಿಲು ಏನೂ ಮಾಡಲ್ಲ ಎನ್ನುತ್ತಾರೆ. ಗಾಜಿಗೆ ಏನೂ ಮಾಡಲ್ಲ ನಿಜ, ಆದರೆ ಕಂಬದಿಂದ ಎಳೆಯುವ ಡ್ರಾಪ್ ವೈರಿನೊಳಗೆ ಸ್ಟೀಲ್ ತಂತಿ ಇರುತ್ತದಲ್ವಾ? ಮನೆಗೆ ಬರುವ ಮೊದಲೇ ಆ ತಂತಿಯನ್ನು ಸೀಳಿ, ಸೂರಿನಾಚೆ ಒಂದು ಪಿಂಗಾಣಿ ಇನ್ಸುಲೇಟರಿಗೆ ಕಟ್ಟಿಸಿದೆ. ಬರೀ ಫೈಬರ್ ಒಳಗೆ ಬರುತ್ತದೆ. ಮನೆಯಿಂದ ಹೋಂಸ್ಟೇಗೆ ಎಳೆದಿದ್ದ ಲ್ಯಾನ್ ಕೇಬಲ್ ನಿಜವಾದ ಪಿಶಾಚಿ, ಪ್ರತಿ ವರ್ಷ ಎರಡು ಪೋರ್ಟ್ ಸುಡುತ್ತಿತ್ತು. ಅದನ್ನು ಕಿತ್ತು ಅಲ್ಲಿಗೂ ಫೈಬರ್, ಎರಡು ತುದಿಗೆ ಫೈಬರಿನ ಬೆಳಕನ್ನೂ ಲ್ಯಾನ್ ಸಿಗ್ನಲನ್ನೂ ಅದಲುಬದಲು ಮಾಡುವ ಮೀಡಿಯಾ ಕನ್ವರ್ಟರ್. ಜೋಡಿಗೆ ಎರಡು ಸಾವಿರದೊಳಗೆ. ಈ ಸಲದ ಗುಡುಗಿಗೆ ಒಂದೂ ಸುಡಲಿಲ್ಲ. ಒಂದು ಸಲ ನೋಡಿ ಗೆದ್ದೆ ಎನ್ನುವುದಿಲ್ಲ.

ಬ್ಯಾಟರಿಗೆ ಸಣ್ಣ ಲಿಥಿಯಂ ಮಿನಿ ಯುಪಿಎಸ್ ತಂದಿದ್ದೆ, ಎರಡು ಗಂಟೆಯೂ ಬರಲಿಲ್ಲ. ಡಬ್ಬವೂ ರೂಟರೂ ಎರಡೂ 12 ವೋಲ್ಟಿನವು, ಸೇರಿ ಹದಿನೈದು ವ್ಯಾಟ್ ತಿನ್ನುತ್ತವೆ. ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮರುದಿನದ ಮಾತು. ಈಗ ಹಳೆಯ ಸೋಲಾರ್ ಬ್ಯಾಟರಿಯಿಂದಲೇ ಎಳೆದಿದ್ದೇನೆ, ರಾತ್ರಿಯಿಡೀ ನಿಲ್ಲುತ್ತದೆ.

ಒಂದು ಕಿರಿಕಿರಿ ಉಳಿಯಿತು. ಹೊಸ ಕಂಪನಿಯವರು ಕೊಡುವುದು ಹಂಚಿಕೆಯ ಐಪಿ, ಅಂದರೆ ಹಲವು ಮನೆಗೆ ಸೇರಿ ಒಂದೇ ಇಂಟರ್ನೆಟ್ ವಿಳಾಸ. ರೂಟರಿನಲ್ಲಿ 100.64ರಿಂದ 100.127ರೊಳಗಿನ ವಿಳಾಸ ಕಂಡರೆ ಸಿಜಿನ್ಯಾಟ್ (ಈ ಹಂಚಿಕೆಯ ಹೆಸರು) ಎಂದೇ ತಿಳಿಯಿರಿ. ಪೋರ್ಟ್ ತೆರೆದು ಹೊರಗಿನಿಂದ ನೋಡುತ್ತಿದ್ದ ಕಣದ ಕ್ಯಾಮೆರಾ ನಿಂತುಹೋಯಿತು. ನಮಗೇ ಮೀಸಲಾದ ಸ್ಟ್ಯಾಟಿಕ್ ಐಪಿಗೆ ತಿಂಗಳಿಗೆ ಬೇರೆ ದುಡ್ಡು ಕೇಳಿದರು. ಕ್ಯಾಮೆರಾವನ್ನು ಅದರ ಆ್ಯಪ್ ಮೂಲಕ ನೋಡುವಂತೆ ಬದಲಿಸಿಕೊಂಡೆ, ಕಾಫಿ ಒಣಗಿಸುವುದನ್ನು ನೋಡಲು ಅಷ್ಟು ಸಾಕು.

ಲೆಕ್ಕ ಕೊನೆಗೆ ಹೀಗೆ ಬಂತು. ಜುಲೈ, ಆಗಸ್ಟ್‌ನಲ್ಲಿ ಹಳೆಯದು ಎಂಟು ಹತ್ತು ಸಲ ಮಲಗಿತು, ಒಂದೊಂದು ಸಲ ಎರಡು ಮೂರು ದಿನ. ಹೊಸದು ಮೂರೋ ನಾಲ್ಕೋ ಸಲ, ಗಂಟೆಗಳ ಲೆಕ್ಕ. ಅದರಲ್ಲಿ ಒಂದು ಸಲ ಆಪರೇಟರ್ ರಾತ್ರಿ ಒಂಬತ್ತಕ್ಕೆ ತಾನೇ ಏಣಿ ಹಾಕಿದ. ಅವನ ಮನೆಯಲ್ಲೂ ಹೋಗಿತ್ತಲ್ಲ.

ಸೆಪ್ಟೆಂಬರಿನಲ್ಲಿ ಹಳೆಯದನ್ನು ಮುಚ್ಚಿಸಿದೆ. ಫೋನಿನಲ್ಲಿ ಹೇಳಿದರೆ ಆಗಲಿಲ್ಲ, ಇನ್ನೊಂದು ತಿಂಗಳ ಬಿಲ್ ಹುಟ್ಟಿತು. ಇಮೇಲ್ ಹಾಕಿ, ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ತೆಗೆದುಕೊಂಡೆ. ಡಬ್ಬ, ಅಡಾಪ್ಟರ್, ಕೆಳಗಿನ ಸೀರಿಯಲ್ ನಂಬರ್ ಮೂರೂ ಕಾಣುವ ಹಾಗೆ ಫೋಟೊ ಹೊಡೆದು, ಆಫೀಸಿನಲ್ಲಿ ಕೊಟ್ಟು ಸೀಲ್ ಹಾಕಿಸಿದ ರಸೀದಿ ಪಡೆದೆ. ಡೆಪಾಸಿಟ್ ಬರಲೇ ಇಲ್ಲ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಅಧಿಕಾರಿ ಇರಬೇಕು, ಮನವಿಗೆ ಶುಲ್ಕ ಇಲ್ಲ. ಡಾಕೆಟ್ ನಂಬರ್, ರಸೀದಿಯ ಫೋಟೊ ಸೇರಿಸಿ ಅವರಿಗೆ ಬರೆದೆ. ದುಡ್ಡು ಬ್ಯಾಂಕಿಗೆ ಬಂತು. ಭಾವನ ಮನೆಯ 5ಜಿ ಡಬ್ಬ ಈಗ ಮಾರಾಟಕ್ಕಿದೆ, ಮುಂದಿನ ಭಾನುವಾರ ಅವರ ಕಡೆಯ ಕಂಬ ನೋಡಲು ಹೋಗುತ್ತಿದ್ದೇನೆ. ಏಣಿ ಅವರೇ ತರಬೇಕು ಎಂದು ಹೇಳಿದ್ದೇನೆ.